ಹಸಿರಿಗೆ ಕೊಟ್ಟ ಮಾತು, ಕೆಂಪಿಗೆ ಹಾಕಿದ ಸಹಿ

"ಬಾಗಿಲು ಹಾಕಿ! ಬೇಗ ಒಳಗೆ ಬನ್ನಿ... ಬಾಗಿಲು ಹಾಕಿ!"

ದಿನಸಿ ಅಂಗಡಿಯ ಮ್ಯಾನೇಜರ್ ಗಂಟಲು ಹರಿದುಕೊಳ್ಳುತ್ತಿದ್ದಳು. ಹೊರಗೆ ಸುಂಟರಗಾಳಿಯ ಸೈರನ್ ಊಳಿಡುತ್ತಿತ್ತು. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಆ ಪುಟ್ಟ ಊರು ಪೆಲಮ್ ಕ್ರೀಕ್‌ನಲ್ಲಿ ನವೆಂಬರ್ ತಿಂಗಳ ಆಕಾಶ ಹಸಿರುಗಟ್ಟಿತ್ತು. ಅಂಗಡಿಯಲ್ಲಿದ್ದವರೆಲ್ಲ ಹಿಂದುಗಡೆ ಮಾಂಸ ಇಡುವ ತಣ್ಣನೆಯ ಕೋಣೆಗೆ ನುಗ್ಗಿದರು.

ಕೊನೆಗೆ ಒಳಗೆ ಬಂದವರಲ್ಲಿ ಒಬ್ಬಳು ಡೆಸ್ಸಾ. ನರ್ಸಿಂಗ್ ಓದುತ್ತಿದ್ದ ಇಪ್ಪತ್ತೊಂದರ ಹುಡುಗಿ. ಅವಳ ಹಿಂದೆಯೇ ಇನ್ನೊಬ್ಬರು ನುಗ್ಗಿದರು. ಬಾಗಿಲು ಮುಚ್ಚಿತು. ಮರುಕ್ಷಣ ದೀಪ ಹೋಯಿತು.

ಕತ್ತಲಲ್ಲಿ ಯಾರದೋ ಕೈ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು!

ಅವಳು ಬೆಚ್ಚಿದಳು. ದೊಡ್ಡ ಕೈ. ಆದರೆ... ಆ ಕೈ ನಡುಗುತ್ತಿತ್ತು.

"ಸಾರಿ... ಬಿಡ್ತೀನಿ... ಈಗ ಬಿಡ್ತೀನಿ..." ಎಂದಿತು ಗಂಡಸಿನ ದನಿ. ಕೈ ಮಾತ್ರ ಬಿಡಲಿಲ್ಲ.

"ಬಿಡಬೇಡಿ," ಎಂದಳು ಡೆಸ್ಸಾ. "ನನಗೂ ಭಯ ಆಗ್ತಿದೆ."

ಮೇಲೆ ತಗಡು ಕಿತ್ತು ಹೋಗುವ ಸದ್ದು. ಯಾರೋ ಪ್ರಾರ್ಥನೆ ಶುರು ಮಾಡಿದರು. ಪಕ್ಕದವನ ಉಸಿರು ಓಡುತ್ತಿತ್ತು.

"ನಾನು ಚಿಕ್ಕವನಿದ್ದಾಗ ನಮ್ಮನೆ ಹಿಂಗೇ ಹೋಯ್ತು," ಎಂದ ಅವನು. "ಸ್ನಾನದ ತೊಟ್ಟಿಯಲ್ಲಿ ನನ್ನ ಮಲಗಿಸಿ ಅಮ್ಮ ಮೇಲೆ ಬಿದ್ದುಕೊಂಡಿದ್ಲು. ಕಣ್ಣು ಬಿಟ್ಟಾಗ ಮೇಲೆ ಸೂರೇ ಇರಲಿಲ್ಲ."

"ನನ್ನ ಜೊತೆ ಉಸಿರಾಡಿ. ಮೆಲ್ಲಗೆ ತಗೊಳ್ಳಿ... ಇನ್ನೂ ಮೆಲ್ಲಗೆ ಬಿಡಿ... ಹಾಂ, ಹಾಗೇ."

ಗಾಳಿ ಊರಿನ ಆಚೆ ಬದಿಗೆ ಹೊರಳಿಹೋಯಿತು. ಬಾಗಿಲು ತೆರೆದಾಗ ಬೆಳಕಿನಲ್ಲಿ ಅವನನ್ನು ಕಂಡ ಡೆಸ್ಸಾ ದಂಗಾದಳು. ಬಾಗಿಲ ಚೌಕಟ್ಟು ತುಂಬುವಂಥ ಆಳು! ಮುಖ ಮಾತ್ರ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನದು. ಅವಳಿಗೆ ನಗು ತಡೆಯಲಾಗಲಿಲ್ಲ.

"ದಯವಿಟ್ಟು ಯಾರಿಗೂ ಹೇಳಬೇಡಿ," ಎಂದ. "ನಾನು ಎಮ್ಮಿಟ್. ಇಲ್ಲೇ ಎರಡು ವರ್ಷದ ಕಾಲೇಜಲ್ಲಿ ಫುಟ್‌ಬಾಲ್ ಆಡ್ತೀನಿ. ನನ್ನ ನೋಡಿ ಬೇರೆಯವರು ಹೆದರಬೇಕು. ನಾನೇ ಹೆದರ್ತೀನಿ ಅಂತ ಗೊತ್ತಾದ್ರೆ ನನ್ನ ಕಥೆ ಮುಗೀತು."

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎದುರಾಳಿಯನ್ನು ನೆಲಕ್ಕೆ ಕೆಡವುವ ಅಮೆರಿಕದ ಫುಟ್‌ಬಾಲ್...

ಡೆಸ್ಸಾಳ ನಗು ಅಲ್ಲೇ ಆರಿತು.

ಅವಳ ಅಪ್ಪ ವೆಂಡೆಲ್ ಮೇಬ್ರಿ ಆಶ್‌ಮೋರ್ ವಿಶ್ವವಿದ್ಯಾಲಯದ ಹಸಿರು ತಂಡದ ಕೋಚ್‌ಗಳಲ್ಲೊಬ್ಬ. ಊರೂರು ಸುತ್ತಿ, ಸಣ್ಣ ಕಾಲೇಜುಗಳ ಒಳ್ಳೆಯ ಆಟಗಾರರ ಮನೆಗೆ ಹೋಗಿ, ಅವರ ತಾಯಂದಿರ ಕೈಯಡುಗೆ ಹೊಗಳಿ, ಹುಡುಗರಿಂದ 'ನಿಮ್ಮ ತಂಡಕ್ಕೇ ಬರ್ತೀನಿ' ಎಂಬ ಮಾತು ಪಡೆಯುವುದು ಅವನ ಕೆಲಸ. ಮಾತು ಕೊಟ್ಟ ಹುಡುಗ ಡಿಸೆಂಬರ್‌ನಲ್ಲಿ ಸೇರ್ಪಡೆ ಪತ್ರಕ್ಕೆ ಸಹಿ ಹಾಕುವವರೆಗೆ ಯಾವಾಗ ಬೇಕಾದರೂ ಮನಸ್ಸು ಬದಲಾಯಿಸಬಹುದು. ಬದಲಾಯಿಸಿದರೆ ಮೊದಲು ಹೋಗುವುದು ಕೋಚ್‌ನ ಕೆಲಸ. ಹಾಗೆ ಹೋಗಿ ಹೋಗಿ ಡೆಸ್ಸಾ ಬೆಳೆಯುವಷ್ಟರಲ್ಲಿ ಆರು ಊರು ಬದಲಾಗಿದ್ದವು. ನಾಲ್ಕನೆಯ ಊರಿನಲ್ಲಿ ಅಮ್ಮ ಪೆಟ್ಟಿಗೆ ಕಟ್ಟುವುದನ್ನು ನಿಲ್ಲಿಸಿ, ತನ್ನ ಬಟ್ಟೆ ಮಾತ್ರ ತೆಗೆದುಕೊಂಡು ಹೊರಟುಹೋಗಿದ್ದಳು.

'ಈ ಆಟದವರ ಸಹವಾಸವೇ ಬೇಡ' ಎಂದು ಡೆಸ್ಸಾ ಯಾವತ್ತೋ ನಿರ್ಧರಿಸಿದ್ದಳು.

ಆದರೂ ಅವನು ಮೆಲ್ಲಗೆ ಕೇಳಿದಾಗ... "ನಾಳೆ ಇಲ್ಲೇ ಎದುರುಗಡೆ ಒಂದು ಐಸ್ ಟೀ ಕುಡಿಯೋಣವಾ? ಸೂರು ಇರೋ ಜಾಗದಲ್ಲಿ?"

"ಕುಡಿಯೋಣ," ಎಂದಿತು ಅವಳ ಬಾಯಿ. ಮನಸ್ಸನ್ನು ಕೇಳಲೇ ಇಲ್ಲ!

ಒಂದು ಟೀ ಹತ್ತಾಯಿತು. 'ನೀವು' 'ನೀನು' ಆಯಿತು. ಅವಳು ಆಶ್‌ಮೋರ್ ಊರಿನಿಂದ ಈ ಕಾಲೇಜಿಗೆ ದಿನಾ ಕಾರಿನಲ್ಲಿ ಬಂದುಹೋಗುತ್ತಾಳೆಂದು ಅವನಿಗೆ ಗೊತ್ತಿತ್ತು. ಅಪ್ಪ ಏನು ಮಾಡುತ್ತಾರೆಂದು ಅವನು ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ, ತನ್ನ ಮನೆತನದ ಹೆಸರನ್ನು ಕೂಡ.

ಒಂದು ಮಧ್ಯಾಹ್ನ ಎಮ್ಮಿಟ್ ಖುಷಿಯಿಂದ ಓಡಿಬಂದ.

"ಡೆಸ್ಸಾ, ಗುರುವಾರ ನಮ್ಮನೆಗೆ ಆಶ್‌ಮೋರ್ ಕೋಚ್ ಬರ್ತಿದ್ದಾರೆ! ಮೇಬ್ರಿ ಅಂತ. ನನ್ನೇ ಹುಡುಕ್ಕೊಂಡು!"

ಅವಳ ಕೈಯ ಲೋಟ ಜಾರುವುದರಲ್ಲಿತ್ತು.

'ಈಗ ಹೇಳು. ಈಗಲೇ ಹೇಳು... ಅವರು ನನ್ನಪ್ಪ ಅಂತ.'

ಹೇಳಿದರೆ? ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎನ್ನುತ್ತಾನೆ. ಎದ್ದು ಹೋಗುತ್ತಾನೆ. ಅಮ್ಮ ಹೋದ ಹಾಗೆ...

"ಒಳ್ಳೇದಾಯ್ತಲ್ಲ," ಎಂದಷ್ಟೇ ಹೇಳಿದಳು.

ಅಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪನೇ ಮಾತು ತೆಗೆದ. ಪಕ್ಕದಲ್ಲಿ ಅಜ್ಜಿ ಹ್ಯಾಟಿ ಇದ್ದಳು.

"ಪೆಲಮ್ ಕ್ರೀಕಲ್ಲಿ ಎಮ್ಮಿಟ್ ಬ್ರಾಸ್‌ವೆಲ್ ಅಂತ ಒಬ್ಬ ಹುಡುಗ ಇದ್ದಾನೆ. ಈ ವರ್ಷ ಅವನು ಬಂದ್ರೆ ನಾವು ಉಳಿದ್ವಿ. ನಿನಗೇನಾದ್ರೂ ಗೊತ್ತಾ ಮಗಳೇ?"

"ಗೊತ್ತು," ಎಂದಳು ಡೆಸ್ಸಾ. ಮುಖ ಕೆಂಪೇರಿತು. ಅಪ್ಪನಿಗೆ ಎಲ್ಲವೂ ಅರ್ಥವಾಯಿತು.

"ಹಾಗಾದ್ರೆ... ನೀನೊಂದು ಮಾತು ಹೇಳಿದ್ರೆ..."

"ಇಲ್ಲ ಅಪ್ಪ. ಅದೊಂದು ಕೇಳಬೇಡಿ. ನಾನು ಯಾರ ಮಗಳು ಅಂತಾನೂ ಅವನಿಗೆ ಹೇಳಿಲ್ಲ."

"ನಾಚಿಕೆ ಆಗಲ್ವೇನೋ ವೆಂಡೆಲ್!" ಅಜ್ಜಿ ಮಗನ ಕಡೆ ಚಮಚ ಎತ್ತಿದಳು. "ಮಗಳನ್ನ ಗಾಳಕ್ಕೆ ಸಿಕ್ಕಿಸ್ತೀಯಾ?"

ವೆಂಡೆಲ್ ತಲೆ ತಗ್ಗಿಸಿದ. ಮತ್ತೆ ಆ ಮಾತೆತ್ತಲಿಲ್ಲ. ಎಮ್ಮಿಟ್‌ನ ಮನೆಯಲ್ಲೂ ಮಗಳ ಹೆಸರೆತ್ತಲಿಲ್ಲ.

ಮುಂದಿನ ವಾರ ಎಮ್ಮಿಟ್ ಆಶ್‌ಮೋರ್‌ಗೆ ಮಾತು ಕೊಟ್ಟ. ಹಸಿರು ತಂಡದ ಊರೆಲ್ಲ ಹಬ್ಬ. ಎದುರಾಳಿಯ ಎಸೆತಗಾರನನ್ನು ಹಿಡಿದು ಕೆಡವುವುದರಲ್ಲಿ ಇಡೀ ರಾಜ್ಯದಲ್ಲಿ ಅವನಂಥವನಿಲ್ಲ ಎಂದು ಕ್ಷೌರದಂಗಡಿಯಿಂದ ಚರ್ಚಿನವರೆಗೆ ಮಾತು. ಡೆಸ್ಸಾಗೆ ಮಾತ್ರ ಅನ್ನ ಸೇರುತ್ತಿರಲಿಲ್ಲ. 'ನಾಳೆ ಹೇಳ್ತೀನಿ... ಭಾನುವಾರ ಹೇಳ್ತೀನಿ...' ಎಂದು ದಿನ ತಳ್ಳಿದಳು.

ಅವಳಿಗಿಂತ ಮೊದಲು ಬೇರೆಯವರು ಹೇಳಿದರು.

ಆಶ್‌ಮೋರ್‌ಗೂ ಕೆಂಪು ಬಣ್ಣದ ಟ್ಯಾಲಿಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೂ ಹಾವು ಮುಂಗುಸಿಯ ಹಗೆ. ಗಂಡ ಹಸಿರು, ಹೆಂಡತಿ ಕೆಂಪಾದರೆ ನವೆಂಬರ್ ಕೊನೆಯ ವಾರ, ಎರಡೂ ತಂಡಗಳ ಪಂದ್ಯದ ಹೊತ್ತಿಗೆ, ಒಲೆ ಹೊತ್ತದ ಮನೆಗಳಿವೆ ಆ ರಾಜ್ಯದಲ್ಲಿ. ಕೆಂಪು ತಂಡದ ಕೋಚ್ ರ್‍ಯಾಂಡಲ್ ಒಂದು ಸಂಜೆ ಎಮ್ಮಿಟ್‌ನ ಮುಂದೆ ಫೋನಿನಲ್ಲಿ ಒಂದು ಫೋಟೋ ಹಿಡಿದ. ಮೈದಾನದ ಅಂಚಿನಲ್ಲಿ ನಿಂತ ಮೇಬ್ರಿ. ಅವನ ತೋಳು ಹಿಡಿದು ನಗುತ್ತಿರುವ ಡೆಸ್ಸಾ.

"ಯಾರಪ್ಪಾ ಈ ಹುಡುಗಿ? ಗೊತ್ತಾ ನಿನಗೆ?" ಎಂದ ರ್‍ಯಾಂಡಲ್, ಜೇನಿನಂಥ ದನಿಯಲ್ಲಿ. "ಮೇಬ್ರಿ ಮಗಳು. ಪಾಪ, ನಿನಗೆ ಹೇಳೇ ಇಲ್ವಾ? ಇಷ್ಟೊಂದು ಹುಡುಗರಲ್ಲಿ ನಿನ್ನ ಪಕ್ಕಾನೇ ಬಂದು ಕೂತಳಲ್ಲ... ಆಶ್ಚರ್ಯ ಕಣಪ್ಪ!"

ಎಮ್ಮಿಟ್ ಫೋನ್ ಕಸಿದುಕೊಂಡು ಫೋಟೋವನ್ನು ಹತ್ತಿರದಿಂದ ನೋಡಿದ. ಆ ಕ್ಷಣ ಅವನೊಳಗೆ ಏನೋ ಮುರಿದುಬಿತ್ತು.

* * *

ಕಾಲೇಜಿನ ಊಟದ ಹಾಲ್‌ನಲ್ಲಿ ಟಿವಿ ಕೂಗುತ್ತಿತ್ತು. 'ಎಮ್ಮಿಟ್ ಬ್ರಾಸ್‌ವೆಲ್ ಮಾತು ಬದಲಾಯಿಸಿದ್ದಾರೆ! ಆಶ್‌ಮೋರ್ ಬಿಟ್ಟು ಟ್ಯಾಲಿಸ್ ಸ್ಟೇಟ್ ಕಡೆಗೆ!'

ಡೆಸ್ಸಾಳ ಕಾಲ ಕೆಳಗಿನ ನೆಲ ಕುಸಿಯಿತು. ಹಾಲ್‌ನಿಂದ ಹೊರಗೋಡಿ ಅವನ ನಂಬರ್ ಒತ್ತಿದಳು.

"ಎಮ್ಮಿಟ್... ಏನಿದು? ನನಗೆ ಒಂದು ಮಾತೂ ಹೇಳದೆ..."

"ಒಂದು ಮಾತಾ?" ಅವನ ದನಿ ಕಲ್ಲಾಗಿತ್ತು. "ನೀನು ಹೇಳಿದ್ಯಾ, ಮಿಸ್ ಮೇಬ್ರಿ? ನಿಮ್ಮಪ್ಪ ಚೆನ್ನಾಗಿ ಕಲಿಸಿದ್ದಾರೆ. ನಾನು ನಡುಗೋದು, ನಮ್ಮನೆ ಹೋಗಿದ್ದು... ಎಲ್ಲಾ ಹೇಳಿಬಿಟ್ಟೆ ನಿನಗೆ. ನಗು ಬಂತಾ?"

"ಅಯ್ಯೋ ಇಲ್ಲ... ಕೇಳು..."

ಕರೆ ಕಡಿದುಹೋಗಿತ್ತು.

'ನನ್ನ ತಪ್ಪು,' ಎಂದುಕೊಂಡಳು. ಮರುಕ್ಷಣ ಕೋಪ ಉಕ್ಕಿತು. 'ಒಂದು ಸಲ ಕೇಳಬಹುದಿತ್ತಲ್ಲ! ಎರಡು ಊರಿಗೆ ಡಂಗುರ ಹೊಡೆಯೋ ಮೊದಲು ನನ್ನನ್ನೊಂದು ಮಾತು ಕೇಳಬಹುದಿತ್ತಲ್ಲ!'

ಒಂದು ಕುರಿ ಬೇಲಿ ಹಾರಿದರೆ ಹಿಂಡೇ ಹಾರುತ್ತದೆ. ಎರಡೇ ದಿನದಲ್ಲಿ ಇನ್ನಿಬ್ಬರು ಆಟಗಾರರು ಹಸಿರು ಬಿಟ್ಟು ಕೆಂಪಿಗೆ ಹೋದರು. ಆಶ್‌ಮೋರ್‌ನ ಮುಖ್ಯ ಕೋಚ್ ವೆಂಡೆಲ್‌ನನ್ನು ಕರೆದು, ಸಹಿಯ ದಿನದೊಳಗೆ ಎಮ್ಮಿಟ್‌ನ ಜಾಗಕ್ಕೆ ಒಬ್ಬನನ್ನು ತರದಿದ್ದರೆ ಬೇರೆ ಕೆಲಸ ನೋಡಿಕೊ ಎಂದ.

ಆ ಫೋಟೋದ ಸುದ್ದಿ ಹಬ್ಬಿ, ಡೆಸ್ಸಾಳ ಫೋನ್‌ಗೆ ಗುರುತಿಲ್ಲದ ನಂಬರುಗಳಿಂದ ಸಂದೇಶಗಳು ಬರತೊಡಗಿದವು. ಮೊದಲು, 'ನಿನ್ನಿಂದಲೇ ಎಮ್ಮಿಟ್ ಕೈತಪ್ಪಿದ' ಎಂಬ ಹಸಿರು ಅಭಿಮಾನಿಗಳ ಬೈಗುಳ. ಆಮೇಲೆ... 'ನಿನ್ನ ಕಾರು ಯಾವುದು ಅಂತ ಗೊತ್ತು.'

ಮರುದಿನ ಕಾಲೇಜಿನಿಂದ ಮನೆಗೆ ಬರುವಾಗ ಒಂದು ಟ್ರಕ್ ಹಿಂದೆ ಬಿತ್ತು. ಅವಳು ನಿಧಾನ ಮಾಡಿದರೆ ಅದೂ ನಿಧಾನ. ವೇಗ ಹೆಚ್ಚಿಸಿದರೆ ಅದೂ ವೇಗ. ಪೈನ್ ಮರಗಳ ನಡುವಿನ ಆ ರಸ್ತೆಯಲ್ಲಿ ಬೇರೆ ಒಂದು ಗಾಡಿಯಿಲ್ಲ. ಊರು ಹತ್ತಿರವಾದಾಗ ಟ್ರಕ್ ಎರಡು ಸಲ ಹಾರ್ನ್ ಮಾಡಿ ತಿರುಗಿಹೋಯಿತು.

ಮನೆಗೆ ಬಂದವಳೇ ಬಾಗಿಲ ಚಿಲಕ ಹಾಕಿದಳು. ಮತ್ತೆ ಹೋಗಿ ನೋಡಿದಳು. ಹಾಕಿತ್ತು. ಆದರೂ ಇನ್ನೊಮ್ಮೆ ಹೋಗಿ ನೋಡಿದಳು.

"ಅಜ್ಜಿ, ಕಿಟಕಿಯಿಂದ ಈಚೆ ಬಾ."

"ಸೊಪ್ಪು ಬೇಯ್ತಿದೆ ಮಗಾ. ಸೊಪ್ಪಿಗೂ ಫುಟ್‌ಬಾಲಿಗೂ ಏನು ಸಂಬಂಧ?"

ಅಷ್ಟರಲ್ಲಿ... ಫಳ್!

ಕಿಟಕಿಯ ಗಾಜು ಒಳಗೆ ಸುರಿಯಿತು. ಮುಷ್ಟಿಗಾತ್ರದ ಕಲ್ಲು ಒಲೆಗೆ ಬಡಿದು ಸೊಪ್ಪಿನ ಪಾತ್ರೆ ಉರುಳಿತು. ಡೆಸ್ಸಾ ಅಜ್ಜಿಯನ್ನು ಎಳೆದು ನೆಲಕ್ಕೆ ಕೂರಿಸಿದಳು.

"ಹಾಳಾದವರು! ಬೆಳಗಿನಿಂದ ಬೇಯಿಸಿದ್ದೆ!" ಎಂದು ಅಜ್ಜಿ ಬೈದಳು. ಆದರೆ ಅವಳ ಕೈ ಮೊಮ್ಮಗಳ ಅಂಗಿಯನ್ನು ಬಿಗಿಯಾಗಿ ಹಿಡಿದಿತ್ತು.

ಹೊರಗೆ ಮುಸ್ಸಂಜೆ. ಅಂಗಳದ ಮುಂದೆ ಎರಡು ಟ್ರಕ್, ಆರೇಳು ಗಂಡಸರು. ಎಲ್ಲರ ತಲೆಯ ಮೇಲೂ ಹಸಿರು ಟೋಪಿ. ಅಪ್ಪನ ಹೆಸರು ಕೂಗಿ ನಗುತ್ತಿದ್ದರು. ಅಪ್ಪ ಎಲ್ಲೋ ದೂರದ ಊರಿನಲ್ಲಿ ಇನ್ನೊಬ್ಬ ಹುಡುಗನ ಮನೆಯಲ್ಲಿದ್ದ. ಡೆಸ್ಸಾ ಪೊಲೀಸರಿಗೆ ಫೋನ್ ಮಾಡಿದಳು. ಗಾಡಿ ಬರಲು ಇನ್ನೂ ಹೊತ್ತಾಗುತ್ತದೆ ಎಂದರು.

'ದೇವರೇ... ಬಾಗಿಲು ಒಡೆದರೆ? ಅಜ್ಜಿಯನ್ನ ಎತ್ತಿಕೊಂಡು ಹಿತ್ತಲಿಂದ ಓಡಬಲ್ಲೆನಾ?'

ಇನ್ನೊಂದು ಗಾಡಿಯ ಸದ್ದು. 'ಇನ್ನೂ ಜನ ಬಂದರು!'

ಪರದೆಯ ಸಂದಿಯಿಂದ ಇಣುಕಿದಳು.

ಹಳೆಯ ಕಾರಿನಿಂದ ಇಳಿದವನು ಎಮ್ಮಿಟ್! ಆ ಗಂಡಸರ ನಡುವೆಯೇ ಸೀದಾ ನಡೆದುಬಂದು ಜಗಲಿಯ ಮೆಟ್ಟಿಲ ಮೇಲೆ ನಿಂತ.

"ನೋಡ್ರೋ! ಮಾತು ಮಾರಿಕೊಂಡವನು! ತಾನಾಗೇ ಬಂದ!"

"ನಿಮ್ಮ ಕೋಪ ನನ್ನ ಮೇಲಲ್ವಾ?" ಎಂದ ಎಮ್ಮಿಟ್. "ನಾನಿಲ್ಲೇ ಇದ್ದೀನಿ. ಯಾರೋ ಈ ಮನೆ ವಿಳಾಸ ಫೋನಲ್ಲಿ ಹಾಕಿದ್ರು, ಓದಿ ಓಡಿಬಂದೆ. ಒಳಗಿರೋದು ಒಬ್ಬ ಅಜ್ಜಿ, ಒಬ್ಬ ಹುಡುಗಿ. ಕಿಟಕಿಗೆ ಯಾಕ್ರೀ ಕಲ್ಲು?"

ಒಂದು ಬಾಟಲಿ ಹಾರಿಬಂತು. ಅವನ ಹಣೆಗೆ ಬಡಿದು ಒಡೆಯಿತು. ರಕ್ತ ಕಣ್ಣಿಗಿಳಿಯಿತು. ಅವನು ಅಲ್ಲಾಡಲಿಲ್ಲ. ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡ.

ಡೆಸ್ಸಾಗೆ ತಿಳಿಯಿತು. ಅವನು ಕೈಯೆತ್ತಿದರೆ ಯಾರಾದರೂ ಚಿತ್ರ ತೆಗೆಯುತ್ತಾರೆ. ಹಸಿರೂ ಇಲ್ಲ, ಕೆಂಪೂ ಇಲ್ಲ... ಅವನ ಬದುಕೇ ಮುಗಿಯುತ್ತದೆ. ಅದಕ್ಕೇ ಹೊಡೆಸಿಕೊಂಡು ನಿಂತಿದ್ದಾನೆ.

ಅವಳು ಚಿಲಕ ತೆಗೆದಳು. ಹೊರಗೆ ಬಂದು ಅವನ ಪಕ್ಕ ನಿಂತಳು.

"ಒಳಗೆ ಹೋಗು ಡೆಸ್ಸಾ!" ಎಂದ ಅವನು, ಅತ್ತ ತಿರುಗದೆ.

"ಹೋಗಲ್ಲ."

ಹಿಂದಿನಿಂದ ಅಜ್ಜಿಯ ದನಿ ಬಂತು. ಕೋಲೂರಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಡ್ವೈಟ್ ಪೂಲ್! ನೀನೇ ಅಲ್ವೇನೋ ಅದು? ಟೋಪಿ ಕೆಳಗೆ ಮುಖ ಮುಚ್ಚಿಕೊಂಡ್ರೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ನಿನ್ನ ಮದುವೆಗೆ ಕೇಕ್ ಮಾಡಿಕೊಟ್ಟವಳು ನಾನು! ಭಾನುವಾರ ಚರ್ಚಲ್ಲಿ ನಿಮ್ಮಮ್ಮನ ಪಕ್ಕ ಕೂತು ಏನು ಹೇಳಲಿ, ನೀನೇ ಹೇಳು!"

ಹಸಿರು ಟೋಪಿಯ ಒಬ್ಬ ಎರಡು ಹೆಜ್ಜೆ ಹಿಂದೆ ಸರಿದ. "ಹ್ಯಾಟಿ ಮ್ಯಾಮ್... ನಾನಲ್ಲ ಕಲ್ಲು ಎಸೆದಿದ್ದು..."

"ಹಾಗಾದ್ರೆ ಎಸೆದವನ ಹೆಸರು ಹೇಳು!"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೂರದಲ್ಲಿ ಪೊಲೀಸ್ ಗಾಡಿಯ ಸದ್ದು ಕೇಳಿತು. ಟ್ರಕ್‌ಗಳು ಹೊರಟವು.

ಡೆಸ್ಸಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ತಡೆದಿಟ್ಟ ಅಳು ಈಗ ಬಂತು...

* * *

ಪೊಲೀಸರು ಬರೆದುಕೊಂಡು ಹೋದ ಮೇಲೆ ಅಡುಗೆಮನೆಯಲ್ಲಿ ಎಮ್ಮಿಟ್‌ನನ್ನು ಕೂರಿಸಿ ಅವಳು ಹಣೆಯ ಗಾಯ ತೊಳೆದಳು.

"ನಾನು ಗಾಳ ಆಗಿರಲಿಲ್ಲ ಎಮ್ಮಿಟ್."

"ಮತ್ತೆ ಯಾಕೆ ಹೇಳಲಿಲ್ಲ?"

"ಭಯ. ನೀನು ಎದ್ದು ಹೋಗ್ತೀಯ ಅಂತ. ನಮ್ಮನೇಲಿ ಎಲ್ಲಾ ಹೋಗೋದು ಈ ಆಟದ ಹಿಂದೇನೇ. ಮನೆ, ಗೆಳತಿಯರು, ಅಮ್ಮ... ನೀನೂ ಹೋಗ್ತೀಯ ಅಂತ ಬಾಯಿ ಮುಚ್ಚಿಕೊಂಡೆ. ಅದು ನನ್ನ ತಪ್ಪು. ಆದ್ರೆ ಆವತ್ತು ಅಂಗಡೀಲಿ... ಸುಂಟರಗಾಳೀನೂ ನಮ್ಮಪ್ಪನೇ ಕಳಿಸಿದ್ರಾ?"

ಎಮ್ಮಿಟ್‌ನ ತುಟಿಯಂಚಿನಲ್ಲಿ ನಗು ಬಂದು, ಗಾಯ ಉರಿದು, ಅವನು ಮುಖ ಕಿವುಚಿದ.

ಆಗಲೇ ವೆಂಡೆಲ್ ಒಳಗೆ ಓಡಿಬಂದ. ಒಡೆದ ಗಾಜು, ತಾಯಿ, ಮಗಳು, ತನ್ನ ಕೆಲಸಕ್ಕೆ ಕುತ್ತು ತಂದ ಹುಡುಗ... ಎಲ್ಲವನ್ನೂ ನೋಡಿದ. ಮಗಳನ್ನು ಬಿಗಿಯಾಗಿ ಅಪ್ಪಿಕೊಂಡ.

"ಎಮ್ಮಿಟ್," ಎಂದ ಆಮೇಲೆ. "ನಿನಗೊಂದು ಮಾತು ಹೇಳಬೇಕು. ನಿನ್ನ ಹತ್ರ ಮಾತಾಡು ಅಂತ ಇವಳನ್ನ ಕೇಳಿದ್ದು ನಿಜ. ಒಂದೇ ಸಲ. ಇವಳು ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅಂದ್ಲು. ತಪ್ಪು ನನ್ನದು."

ಎಮ್ಮಿಟ್ ತಲೆ ಎತ್ತಿದ. ಕಣ್ಣು ತುಂಬಿತ್ತು.

"ಕೋಚ್... ನಾನು ವಾಪಸ್ ಬರ್ತೀನಿ. ನಾಳೇನೇ ಹೇಳ್ತೀನಿ, ಆಶ್‌ಮೋರ್‌ಗೇ ಅಂತ. ನಿಮ್ಮ ಕೆಲಸ..."

ವೆಂಡೆಲ್‌ನ ಕಣ್ಣಲ್ಲಿ ಒಂದು ಕ್ಷಣ ಆಸೆ ಹೊಳೆಯಿತು. ಡೆಸ್ಸಾ ಅದನ್ನು ಕಂಡಳು. ಏಳನೆಯ ಊರು, ಮತ್ತೆ ಪೆಟ್ಟಿಗೆಗಳು... ಎಲ್ಲ ಅವಳ ಕಣ್ಣ ಮುಂದೆ ಬಂತು. ಒಂದು 'ಹೂಂ' ಅಂದರೆ ಸಾಕಿತ್ತು.

"ನೀನು ಮೊದಲು ಆಶ್‌ಮೋರ್ ಯಾಕೆ ಆರಿಸಿದೆ?" ಎಂದು ಕೇಳಿದಳು. "ನಿಜ ಹೇಳು."

"ನೀನು ಈ ಊರಲ್ಲಿದ್ದೀಯ ಅಂತ. ಅಮ್ಮನಿಗೆ ಟ್ಯಾಲಿಸ್ ಇಷ್ಟ ಇತ್ತು. ನಮ್ಮನೆಯಿಂದ ಹತ್ತಿರ. ಅವಳೊಬ್ಬಳೇ ಅಲ್ವಾ..."

"ಹಾಗಾದ್ರೆ ಬರಬೇಡ."

"ಡೆಸ್ಸಾ!"

"ಬರಬೇಡ. ನನಗೋಸ್ಕರ ಮಾತು ಕೊಟ್ಟೆ, ನನ್ನ ಮೇಲಿನ ಕೋಪಕ್ಕೆ ಮಾತು ಮುರಿದೆ. ಈಗ ಮತ್ತೆ ನನಗೋಸ್ಕರ ಬಂದ್ರೆ, ಸೋತ ದಿನವೆಲ್ಲ ನನ್ನ ಮುಖ ನೋಡ್ತೀಯ. ಆ ನೋಟಕ್ಕೆ ನಾನು ಜೀವನಪೂರ್ತಿ ಹೆದರಬೇಕು. ಅಮ್ಮನಿಗೋಸ್ಕರ, ನಿನಗೋಸ್ಕರ ಹೋಗು."

ವೆಂಡೆಲ್ ಕುರ್ಚಿ ಎಳೆದುಕೊಂಡು ಕೂತ. ಅವನ ಹೆಗಲು ಇಳಿದಿತ್ತು.

"ಅವಳು ಹೇಳೋದು ಸರಿ ಮಗಾ," ಎಂದ ನಿಧಾನವಾಗಿ. "ಕೋಚ್ ಆಗಿ ಈ ಮಾತು ಹೇಳಬಾರದು. ಅಪ್ಪ ಆಗಿ ಹೇಳ್ತಿದ್ದೀನಿ. ಆದ್ರೆ ಆ ರ್‍ಯಾಂಡಲ್ ಎಂಥವನು ಅಂತ ತಿಳ್ಕೊಂಡು ಹೋಗು. ಅವನ ಮಾತು ಕೇಳು, ನಂಬೋ ಮೊದಲು ಎರಡು ಸಲ ಯೋಚಿಸು."

ಎಮ್ಮಿಟ್ ಒಪ್ಪಿ ತಲೆಯಾಡಿಸಿದ. ಆಮೇಲೆ ಹೇಳಿದ: "ಕೋಚ್, ನನಗೆ ಜಾಗ ಮಾಡೋಕೆ ಅಂತ ಟ್ಯಾಲಿಸ್‌ನವರು ಮೊದಲೇ ಮಾತು ಕೊಟ್ಟಿದ್ದ ಒಬ್ಬನನ್ನ ಬೇಡ ಅಂದುಬಿಟ್ರು. ಪ್ರೆಂಟಿಸ್ ಅಂತ. ಅವನ ಎದುರು ಆಡಿದ್ದೀನಿ. ಕಾಲು ನನಗಿಂತ ಚುರುಕು. ಎರಡು ದಿನದಿಂದ ಕೋಣೆ ಬಿಟ್ಟು ಹೊರಗೆ ಬಂದಿಲ್ವಂತೆ ಪಾಪ."

ವೆಂಡೆಲ್ ನೆಟ್ಟಗೆ ಕೂತ.

"ನಿಂಗೆ ಅವನ ಅಮ್ಮನ ನಂಬರ್ ಸಿಗುತ್ತಾ?"

"ಮೊದಲು ಸೊಪ್ಪು ಬಳಿದು ನೆಲ ಒರೆಸು, ಆಮೇಲೆ ನಂಬರ್!" ಎಂದಳು ಅಜ್ಜಿ.

* * *

ಸಹಿ ಹಾಕುವ ದಿನ ಕಾಲೇಜಿನ ಒಳಾಂಗಣ ತುಂಬಿತ್ತು. ಹಿಂದಿನ ಗೋಡೆಗೊರಗಿ ಡೆಸ್ಸಾ ನಿಂತಿದ್ದಳು. ಹಸಿರಲ್ಲ, ಕೆಂಪಲ್ಲ, ಹಳದಿ ಸ್ವೆಟರ್ ಹಾಕಿದ್ದಳು. ಹಸಿರು ಟೋಪಿ ಕಂಡಲ್ಲೆಲ್ಲ ಇನ್ನೂ ಬೆಚ್ಚುತ್ತಿದ್ದಳು. ಆದರೂ ಬಂದಿದ್ದಳು.

ಮುಂದೆ ಮೇಜಿನ ಮೇಲೆ ಎರಡು ಟೋಪಿ, ಹಸಿರೊಂದು, ಕೆಂಪೊಂದು. ಪಕ್ಕದಲ್ಲಿ ಎಮ್ಮಿಟ್‌ನ ಅಮ್ಮ. ಅವನು ಒಮ್ಮೆ ಜನರ ನಡುವೆ ಯಾರನ್ನೋ ಹುಡುಕಿದ. ಗೋಡೆಯ ಬಳಿ ಹಳದಿ ಕಂಡಿತು. ಆಮೇಲೆ ಕೆಂಪು ಟೋಪಿ ಎತ್ತಿ ತಲೆಗಿಟ್ಟುಕೊಂಡ. ಅಮ್ಮ ಅವನನ್ನು ತಬ್ಬಿ ಅತ್ತಳು.

ಅದೇ ಹೊತ್ತಿಗೆ ಡೆಸ್ಸಾಳ ಫೋನ್ ಮಿಡಿಯಿತು. ಅಪ್ಪನ ಸಂದೇಶ: 'ಪ್ರೆಂಟಿಸ್ ಸಹಿ ಹಾಕಿದ. ಈ ವರ್ಷ ಪೆಟ್ಟಿಗೆ ಕಟ್ಟೋದು ಬೇಡ.'

ಈ ವರ್ಷ... ಅಷ್ಟೇ. ಮುಂದಿನ ವರ್ಷದ ಮಾತು ಯಾರೂ ಕೊಟ್ಟಿರಲಿಲ್ಲ.

ಜನ ಕರಗಿದ ಮೇಲೆ ಹೊರಗೆ ಹಿಂದಿನ ಗೋಡೆಯ ಬಳಿ ಬಿಸಿಲಲ್ಲಿ ಅವನು ಅವಳೆದುರು ಬಂದು ನಿಂತ. ಟೋಪಿ ಕೈಯಲ್ಲಿತ್ತು.

"ಕೋಪಾನಾ?"

"ಇಲ್ಲ. ಭಯ."

"ಯಾವುದಕ್ಕೆ?"

"ಎಲ್ಲದಕ್ಕೂ. ನೀನು ಎರಡು ಗಂಟೆ ದೂರ. ನಮ್ಮೂರಿನವರಿಗೆ ನೀನು ಶತ್ರು, ನಿಮ್ಮೂರಿನವರಿಗೆ ನಾನು. ನಿಮಗೂ ನಮಗೂ ಪಂದ್ಯ ಇರೋ ದಿನ ಯಾರೋ ಒಬ್ರು ಸೋಲಲೇಬೇಕು. ಆವತ್ತು ಏನಾಗುತ್ತೆ?"

"ನನಗೂ ಗೊತ್ತಿಲ್ಲ," ಎಂದ ಎಮ್ಮಿಟ್. "ನನಗೂ ಭಯಾನೇ. ಆದ್ರೆ ಡೆಸ್ಸಾ, ಈ ತಿಂಗಳು ನಾನು ಕೊಟ್ಟ ಮಾತುಗಳನ್ನ ಎರಡು ಊರೂ ನೋಡಿವೆ. ಯಾರಿಗೂ ಗೊತ್ತಾಗದ ಹಾಗೆ ಒಂದು ಮಾತು ಕೊಡಲಾ?"

"ಕೊಡು," ಎಂದಳು.

"ನಾನು ನಿನ್ನನ್ನ ಪ್ರೀತಿಸ್ತೀನಿ. ಇದನ್ನ ಯಾವ ಫೋಟೋ ತೋರಿಸಿದ್ರೂ ಬದಲಾಯಿಸಲ್ಲ. ಏನಾದ್ರೂ ಕೇಳಬೇಕಾದ್ರೆ ಮೊದಲು ನಿನ್ನನ್ನೇ ಕೇಳ್ತೀನಿ."

"ನಾನೂ... ಹೆದರಿಕೆ ಆದ್ರೂ ಮೊದಲು ನಿನಗೇ ಹೇಳ್ತೀನಿ," ಎಂದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಪ್ರೀತಿಸ್ತೀನಿ ಅಂತ ಬೇರೆ ಹೇಳಬೇಕಾ?"

"ಹೇಳಬೇಕು. ನಾನು ಸ್ವಲ್ಪ ದಡ್ಡ."

"ಪ್ರೀತಿಸ್ತೀನಿ ಕಣೋ, ದಡ್ಡ!"

ಅವನು ನಕ್ಕ. ಅವಳು ಅವನ ಎದೆಗೆ ಹಣೆ ಆನಿಸಿದಳು.

"ಪಂದ್ಯದ ದಿನ ನಾನು ಯಾವ ಕಡೆ ಕೂರಲಿ ಎಮ್ಮಿಟ್? ಅಪ್ಪನ ಕಡೆಯಾ, ನಿನ್ನ ಕಡೆಯಾ?"

ಅವನು ಯೋಚಿಸಿದ.

"ಅಪ್ಪನ ಕಡೆ ಕೂತ್ಕೋ," ಎಂದ. "ಆಗ ನಾನು ಆಡುವಾಗ ನೀನು ನನ್ನ ಎದುರಿಗಿರ್ತೀಯ."